ಸರ್ಪಗಂಧಿ ಪುಡಿ ತಗೊಳ್ಳುವ ಮೊದಲು

ಚಿ. ಪ್ರಮೋದನಿಗೆ ಮಾವನ ಆಶೀರ್ವಾದಗಳು.

ನೀನು ಕಳಿಸಿದ ಫೋಟೋ ನೋಡಿದೆ. ಡಬ್ಬಿಯಲ್ಲಿ ಸರ್ಪಗಂಧಿ ಬೇರಿನ ಪುಡಿ, ಪಕ್ಕದಲ್ಲಿ ಕಷಾಯಕ್ಕೆ ಜ್ಯೇಷ್ಠಮಧು. ಬಿಪಿ ಮಾತ್ರೆ ಬಿಟ್ಟು ಇದನ್ನೇ ಶುರು ಮಾಡಲಾ ಅಂತ ಕೇಳಿದ್ದೀಯ. ಬೇಡ ಕಣೋ.

ಸರ್ಪಗಂಧಿಯಿಂದ ಬಿಪಿ ಇಳಿಯುತ್ತದೆ ಅನ್ನುವುದು ಸುಳ್ಳಲ್ಲ. 1931ರಲ್ಲೇ ಕಲ್ಕತ್ತಾದ ವೈದ್ಯರಾದ ಸೇನ್ ಮತ್ತು ಬೋಸ್ ಅದರ ಬಗ್ಗೆ ಬರೆದಿದ್ದರು. 1949ರಲ್ಲಿ ಬೊಂಬಾಯಿಯ ಹೃದಯ ತಜ್ಞ ರುಸ್ತುಂ ಜಾಲ್ ವಕೀಲರು ತಮ್ಮ ರೋಗಿಗಳಿಗೆ ಕೊಟ್ಟು ನೋಡಿದ್ದನ್ನು ಬ್ರಿಟನ್ನಿನ ವೈದ್ಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಆಮೇಲೆ ಹೊರದೇಶದವರ ಕಣ್ಣೂ ಈ ಗಿಡದ ಮೇಲೆ ಬಿತ್ತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸಿಬಾ ಕಂಪನಿಯವರು ಬೇರಿನಿಂದ ರಿಸರ್ಪಿನ್ ಅನ್ನುವ ಸತ್ವವನ್ನು ಹೊರತೆಗೆದರು. ನಮ್ಮ ಕಾಡಿನ ಗಿಡವೊಂದು ಇಷ್ಟು ಜನರಿಗೆ ಉಪಕಾರ ಮಾಡಿದ್ದು ನನಗೆ ನಿಜಕ್ಕೂ ಹೆಮ್ಮೆ.

ಆದರೆ ಅದು ಕೆಲಸ ಮಾಡುವ ಬಗೆ ತಿಳಿದುಕೋ. ನರದ ತುದಿಯಲ್ಲಿ ಸಣ್ಣ ಸಣ್ಣ ಚೀಲಗಳಿವೆ. ಅವುಗಳಲ್ಲಿ ನಾರ್‌ಅಡ್ರಿನಲಿನ್ ಅನ್ನುವ ರಾಸಾಯನಿಕ ತುಂಬಿರುತ್ತದೆ. ರಕ್ತನಾಳ ಬಿಗಿಯಾಗಲಿ, ನಾಡಿ ಚುರುಕಾಗಲಿ ಅಂತ ನರ ಅದನ್ನು ಹೊರಗೆ ಬಿಡುತ್ತದೆ. ರಿಸರ್ಪಿನ್ ಆ ಚೀಲ ಮತ್ತೆ ತುಂಬದಂತೆ ತಡೆಯುತ್ತದೆ. ದಿನ ಕಳೆದಂತೆ ದಾಸ್ತಾನು ಖಾಲಿ. ನಾಳ ಸಡಿಲ, ನಾಡಿ ನಿಧಾನ, ಬಿಪಿ ಕಡಿಮೆ. ತೊಂದರೆ ಏನಂದರೆ ಮಿದುಳಿನಲ್ಲೂ ಅಂಥ ಚೀಲಗಳಿವೆ, ಮನಸ್ಸಿನ ಮೇಲೆ ಪರಿಣಾಮ ಬೀರುವ ಸಿರೋಟೋನಿನ್, ಡೋಪಮಿನ್ ಇರುವಂಥವು. ಅವೂ ಬರಿದಾಗುತ್ತವೆ. ಮೂಗು ಕಟ್ಟುವುದು, ತೂಕಡಿಕೆ ಸಣ್ಣ ಮಾತು. ಮನಸ್ಸು ಕುಗ್ಗುವುದು ದೊಡ್ಡದು. ಹಿಂದೆ ಮನಸ್ಸಿನ ಖಿನ್ನತೆ ಇದ್ದವರಿಗೆ ಈ ಔಷಧಿ ಕೊಡಬಾರದು ಅಂತ ವೈದ್ಯರಲ್ಲಿ ನಿಯಮವೇ ಇದೆ. ಎರಡು ವರ್ಷದ ಹಿಂದೆ ನೀನು ಅನುಭವಿಸಿದ್ದು ನಿನ್ನಮ್ಮನಿಗೂ ನನಗೂ ಗೊತ್ತು. ನನ್ನ ಭಯ ಇರುವುದು ಅಲ್ಲೇ.

ಅಳತೆಯ ವಿಷಯವೂ ಇದೆ. ರಿಸರ್ಪಿನ್ ಮಾತ್ರೆ ಕೊಡುವಾಗ ದಿನಕ್ಕೆ ಸಾಮಾನ್ಯವಾಗಿ 0.1ರಿಂದ 0.25 ಮಿಲಿಗ್ರಾಂ. ಅಂದರೆ ಹೆಚ್ಚೆಂದರೆ ಒಂದು ಗ್ರಾಮಿನ ನಾಲ್ಕು ಸಾವಿರದಲ್ಲಿ ಒಂದು ಪಾಲು! ಗ್ರಂಧಿಗೆ ಅಂಗಡಿಯ ಪುಡಿಯನ್ನು ಚಮಚದಲ್ಲಿ ತೆಗೆದುಕೊಂಡರೆ ಎಷ್ಟು ಹೋಯಿತು ಅಂತ ಯಾರು ಹೇಳಬೇಕು? ಗಿಡದಿಂದ ಗಿಡಕ್ಕೆ, ಮಣ್ಣಿನಿಂದ ಮಣ್ಣಿಗೆ ಸತ್ವ ಬದಲಾಗುತ್ತದೆ.

ಇನ್ನು ಜ್ಯೇಷ್ಠಮಧು. ಗಂಟಲಿಗೆ ಒಳ್ಳೆಯದು ಅಂತ ದಿನಾ ಎರಡು ಲೋಟ ಕುಡಿಯುತ್ತಿದ್ದೀಯಂತೆ. ಇದು ಬಿಪಿ ಇಳಿಸುವುದಿಲ್ಲ, ಏರಿಸುತ್ತದೆ. ಆ ಸಿಹಿ ಅದರಲ್ಲಿರುವ ಗ್ಲಿಸಿರೈಜಿನ್ ಅನ್ನುವ ವಸ್ತುವಿನದ್ದು. ಕಾರ್ಟಿಸಾಲ್ ಅನ್ನುವ ಹಾರ್ಮೋನನ್ನು ಮೂತ್ರಪಿಂಡದಲ್ಲಿ ಒಂದು ಕಿಣ್ವ ಸುಮ್ಮನಾಗಿಸುತ್ತದೆ. ಗ್ಲಿಸಿರೈಜಿನ್ ಆ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಆಗ ಸುಮ್ಮನಾಗದೆ ಉಳಿದ ಕಾರ್ಟಿಸಾಲ್‌ನಿಂದ ಉಪ್ಪು, ನೀರು ಮೈಯಲ್ಲೇ ನಿಲ್ಲುತ್ತದೆ, ಪೊಟಾಸಿಯಂ ಹೊರಗೆ ಹೋಗುತ್ತದೆ. ನಿನ್ನ ಚೀಟಿಯಲ್ಲಿರುವ, ಮೂತ್ರ ಹೆಚ್ಚಿಸಿ ಬಿಪಿ ಇಳಿಸುವ ಕ್ಲೋರ್‌ಥಾಲಿಡೋನ್ ಮಾತ್ರೆಯೂ ಪೊಟಾಸಿಯಂ ಕಳೆಯುತ್ತದೆ. ಎರಡೂ ಸೇರಿದರೆ ಕಾಲಲ್ಲಿ ಬಲ ಇಲ್ಲದಂತಾಗಬಹುದು, ಹೃದಯದ ಬಡಿತ ತಪ್ಪಬಹುದು. ಆ ಕಷಾಯ ಇವತ್ತೇ ನಿಲ್ಲಿಸು. ಅದರ ಪರಿಣಾಮ ಕೆಲವು ವಾರ ಉಳಿಯಬಹುದು.

ಬೆಳ್ಳುಳ್ಳಿ, ಬೀಟ್‌ರೂಟ್, ಪುಂಡಿ ಸೊಪ್ಪು ಊಟದಲ್ಲಿ ಇರಲಿ. ಬೀಟ್‌ರೂಟಿನ ನೈಟ್ರೇಟ್ ಮೈಯಲ್ಲಿ ನೈಟ್ರಿಕ್ ಆಕ್ಸೈಡ್ ಆಗಿ ನಾಳ ಸಡಿಲಿಸುತ್ತದೆ, ಸ್ವಲ್ಪ ಮಟ್ಟಿಗೆ. ಮಾತ್ರೆಗೆ ಬದಲು ಅಲ್ಲ.

ಈ ವಾರವೇ ಡಾಕ್ಟರ ಹತ್ತಿರ ಹೋಗು. ಡಬ್ಬಿ, ಕಷಾಯದ ಪೊಟ್ಟಣ ಎರಡನ್ನೂ ತೆಗೆದುಕೊಂಡು ಹೋಗಿ ತೋರಿಸು. ಪೊಟಾಸಿಯಂ ಪರೀಕ್ಷೆ ಬೇಕಾ ಅಂತ ಕೇಳು. ಮನಸ್ಸಿನ ವಿಷಯವನ್ನೂ ಮುಚ್ಚಿಡಬೇಡ. ಈಗಿನ ಮಾತ್ರೆಯಿಂದ ಏನಾದರೂ ತೊಂದರೆ ಆಗುತ್ತಿದ್ದರೆ ಅದನ್ನೂ ಹೇಳು, ಬೇರೆ ಮಾತ್ರೆಗಳು ಇವೆ. ಅಲ್ಲಿಯವರೆಗೆ ಮಾತ್ರೆ ತಪ್ಪಿಸಬೇಡ. ಬೆಳಗ್ಗೆ, ಸಂಜೆ ಐದು ನಿಮಿಷ ಸುಮ್ನೆ ಕೂತು ಬಿಪಿ ನೋಡಿ ಬರೆದಿಡು. ಆ ಹಾಳೆಯ ಫೋಟೋ ನನಗೂ ಕಳಿಸು.

ನಿನ್ನ ಮಾವ