ಪದಪಟ್ಟಿಯ ಬಾಯಿಪಾಠ ಸಾಕು

ಸಂಪಾದಕರೇ,

ನಾವು ಮುಂಬಯಿ ಹತ್ತಿರದ ಡೊಂಬಿವಲಿಯವರು. ಕನ್ನಡ ಮಾಧ್ಯಮದಲ್ಲಿ ಓದಿದ ನನ್ನ ಮಗಳು ಈಗ ಎಂಬಿಎ ಪ್ರವೇಶ ಪರೀಕ್ಷೆಗೆ ದಾದರಿನ ಕೋಚಿಂಗ್ ಕ್ಲಾಸಿಗೆ ಹೋಗುತ್ತಾಳೆ. ಅಲ್ಲಿ ದಿನಕ್ಕೆ 40 ಕಷ್ಟದ ಇಂಗ್ಲಿಷ್ ಪದಗಳ ಪಟ್ಟಿ ಕೊಡುತ್ತಾರೆ. ಲೋಕಲ್ ಟ್ರೇನಿನಲ್ಲಿ ನಿಂತುಕೊಂಡೇ ಬಾಯಿಪಾಠ ಮಾಡುತ್ತಾಳೆ. ಠಾಣೆ ಬರುವಷ್ಟರಲ್ಲಿ ಅರ್ಧ ಮರೆತಿರುತ್ತದೆ.

ಮೊನ್ನೆ ಜೊತೆಗೆ ಕೂತೆ. ‘ಬೆನೆವೊಲೆಂಟ್’, ‘ಮಲೆವೊಲೆಂಟ್’ ಎರಡೂ ಅವಳಿಗೆ ಅದಲುಬದಲಾಗುತ್ತಿದ್ದವು. ಲ್ಯಾಟಿನ್‌ನಲ್ಲಿ ‘ಬೆನೆ’ ಎಂದರೆ ಒಳ್ಳೆಯದಾಗಿ, ‘ಮಲೆ’ ಎಂದರೆ ಕೆಟ್ಟದಾಗಿ. ಉಳಿದ ಭಾಗಕ್ಕೆ ಬಯಸುವುದು ಎಂಬ ಅರ್ಥ. ಒಬ್ಬರು ಒಳ್ಳೆಯದು ಬಯಸುವವರು, ಇನ್ನೊಬ್ಬರು ಕೆಟ್ಟದ್ದು, ಅಷ್ಟೇ ಅಲ್ವಾ? ನಮ್ಮ ಸುಗಂಧ, ದುರ್ಗಂಧ ಇದ್ದ ಹಾಗೆ. ಮಲೇರಿಯಾ ಕೂಡ ಇಟಾಲಿಯನ್ನಿನ ‘ಕೆಟ್ಟ ಗಾಳಿ’ ಎಂದಾಗ ಅವಳ ಕಣ್ಣರಳಿತು. ಆಮೇಲೆ ಆ ಪದಗಳು ತಪ್ಪಲೇ ಇಲ್ಲ.

ಸುಮ್ನೆ ಪಟ್ಟಿ ಉದ್ದ ಮಾಡಿದರೆ ಮಕ್ಕಳಿಗೆ ಭಯವೇ ಜಾಸ್ತಿ. ದಿನಕ್ಕೆ ಐದೇ ಪದ ಸಾಕು. ಬೇರು ತೋರಿಸಿ, ಕನ್ನಡದಲ್ಲಿ ಅರ್ಥ ಬಿಡಿಸಿ, ಸ್ವಂತ ವಾಕ್ಯ ಬರೆಸಲಿ. ಮುಂಬಯಿಯ ಕನ್ನಡ ಸಂಘಗಳಲ್ಲಿ ನಿವೃತ್ತ ಶಿಕ್ಷಕರಿದ್ದಾರೆ. ಭಾನುವಾರ ಒಂದು ಗಂಟೆ ಇಂಥ ಪಾಠ ಶುರು ಮಾಡಿ ಎಂದು ಕೈಮುಗಿದು ಕೇಳುತ್ತೇನೆ. ಚಾಪೆ ಹಾಸಲು, ಚಹಾ ಮಾಡಲು ನಾನು ಬರುತ್ತೇನೆ.

– ಒಬ್ಬ ತಾಯಿ, ಡೊಂಬಿವಲಿ