ಜಾಮೀನು ನಿಂತವರಿಗೆ

ಕಳೆದ ಶುಕ್ರವಾರ ಪರಿವೀಕ್ಷಣಾಧಿಕಾರಿಗಳ (ಪ್ರೊಬೇಷನ್ ಆಫೀಸರ್) ಕಚೇರಿಯ ವಹಿಯಲ್ಲಿ ಕೊನೆಯ ಸಹಿ ಹಾಕಿದೆ. ಜೈಲಿನ ಬದಲು, ಸನ್ನಡತೆಯಿಂದ ಇರುತ್ತೇನೆ ಅಂತ ಕೋರ್ಟಿಗೆ ಬರೆದುಕೊಟ್ಟ ಮೂರು ವರ್ಷದ ಮುಚ್ಚಳಿಕೆಯ ಅವಧಿ ಮುಗಿಯಿತು. ನನ್ನ ಪರಿವೀಕ್ಷಣಾಧಿಕಾರಿ ಮೇಡಂ ಹಳೆಯ ಪುಟ ತಿರುವಿ ನನ್ನ ಮೊದಲ ಸಹಿ ತೋರಿಸಿದರು. ನಡುಗುವ ಕೈಯಲ್ಲಿ ಹಾಕಿದ್ದ ಆ ಸಹಿ ಕೆಳಗಿನ ಸಾಲಿನವರೆಗೂ ಜಾರಿತ್ತು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅಮ್ಮನಿಗೆ ಫೋನು ಮಾಡಿದೆ. "ಮುಗೀತಾ?" ಅಂದಳು. "ಮುಗೀತಮ್ಮ" ಅಂದೆ. ಅವಳೂ ಅತ್ತಳು, ನಾನೂ ಅತ್ತೆ. ನನ್ನ ಪರವಾಗಿ ನಿಂತವರಿಗೆಲ್ಲ ನಾಲ್ಕು ಜನರ ಎದುರು ಧನ್ಯವಾದ ಹೇಳಬೇಕು ಅಂತ ಆಗಲೇ ತೀರ್ಮಾನಿಸಿದೆ. ಹೆಸರು ಹಾಕುತ್ತಿಲ್ಲ. ಓದಿದರೆ ಅವರಿಗೆ ಗೊತ್ತಾಗುತ್ತದೆ.

ನಾನು ಮಾಡಿದ್ದನ್ನು ಮೊದಲು ಹೇಳಿಬಿಡುತ್ತೇನೆ. 2019ರಲ್ಲಿ ನನಗೆ 22 ವರ್ಷ. ಗ್ಯಾರೇಜಿನಲ್ಲಿ ಜೊತೆಗೆ ಕೆಲಸ ಮಾಡುತ್ತಿದ್ದ ವೆಲ್ಡರ್ ಅಣ್ಣನ ಹತ್ತಿರ ಕೈಗಡ ತೆಗೆದುಕೊಂಡಿದ್ದೆ. ಎಲ್ಲರ ಮುಂದೆ ಅದನ್ನು ಕೇಳಿದರು ಅನ್ನುವ ಸಿಟ್ಟಿಗೆ ಅವರನ್ನು ನೂಕಿದೆ, ಬಿದ್ದ ಮೇಲೂ ಹೊಡೆದೆ. ಗಾಡಿ ನಿಲ್ಲಿಸುವ ಗುಂಡಿಯ ಅಂಚಿಗೆ ತಗುಲಿ ಅವರ ಬಲಗೈ ಮೂಳೆ ಮುರಿಯಿತು. ಐದು ತಿಂಗಳು ಅವರಿಗೆ ವೆಲ್ಡಿಂಗ್ ಹೋಲ್ಡರ್ ಹಿಡಿಯಲು ಆಗಲಿಲ್ಲ. ಐಪಿಸಿ 325, ತೀವ್ರ ಸ್ವರೂಪದ ಗಾಯ. ತಪ್ಪು ನನ್ನದೇ, ಪೂರ್ತಿ ನನ್ನದು.

ಅದು ಜಾಮೀನು ಸಿಗುವ ಅಪರಾಧ. ಆದರೆ ಜಾಮೀನು ನಿಲ್ಲುವವರು ಸಿಗಲಿಲ್ಲ. ನಮಗೆ ಜಮೀನಿಲ್ಲ, ಬಂಧುಗಳು ಫೋನು ಎತ್ತಲಿಲ್ಲ. ವಾರದೊಳಗೆ ಜಾಮೀನು ಒದಗಿಸಲಾಗದವನನ್ನು ಬಡವನೆಂದೇ ತಿಳಿದು ಸ್ವಂತ ಮುಚ್ಚಳಿಕೆಯ ಮೇಲೆ ಬಿಡಬೇಕು ಅಂತ ಕಾನೂನಿನಲ್ಲೇ ಇದೆ. ಅಮ್ಮನಿಗೆ ಅದನ್ನು ಯಾರೂ ಹೇಳಲಿಲ್ಲ. ಒಂಬತ್ತು ದಿನ ಒಳಗಿದ್ದೆ. ಒಂಬತ್ತೇ ದಿನ ಅನ್ನಬಹುದು. ಮೂರನೆಯ ರಾತ್ರಿ ಪಕ್ಕದಲ್ಲಿ ಮಲಗಿದ್ದವನೊಬ್ಬ ನನ್ನ ಸಿಟ್ಟಿನ ಕಥೆ ಕೇಳಿ, "ನಿನ್ನಂಥೋನು ನಮಗೆ ಬೇಕು, ಹೊರಗೆ ಹೋದ್ಮೇಲೆ ನನ್ನ ಹುಡುಗರನ್ನ ನೋಡು" ಅಂತ ಒಂದು ನಂಬರು ಬಾಯಿಪಾಠ ಮಾಡಿಸಿದ. ನನ್ನನ್ನು ಬೇಕು ಅಂದವನು ಆಗ ಅವನೊಬ್ಬನೇ. ಆ ನಂಬರು ಈಗಲೂ ನೆನಪಿದೆ. ನಮ್ಮ ದೇಶದ ಜೈಲುಗಳಲ್ಲಿ 2022ರ ಕೊನೆಗೆ ಇದ್ದವರಲ್ಲಿ ನೂರಕ್ಕೆ ಸುಮಾರು 76 ಮಂದಿ ವಿಚಾರಣಾಧೀನರು, ನೂರು ಜನರ ಜಾಗದಲ್ಲಿ 131 ಜನ ಅಂತ ಆಮೇಲೆ ಓದಿದಾಗ, ಆ ರಾತ್ರಿ ಇಬ್ಬರ ಜಾಗದಲ್ಲಿ ಮೂವರು ಮಲಗಿದ್ದು ಕಣ್ಣಿಗೆ ಕಟ್ಟಿತು.

ಹತ್ತನೆಯ ದಿನ ಮನೆ ಕಂದಾಯದ ರಸೀದಿ ಹಿಡಿದು ಕೋರ್ಟಿಗೆ ಬಂದವರು ನನಗೆ ಏಳನೇ ತರಗತಿಯಲ್ಲಿ ಲೆಕ್ಕ ಹೇಳಿಕೊಟ್ಟ ಮೇಷ್ಟ್ರು. ಅಮ್ಮ ಕಾಲು ಹಿಡಿಯಲು ಬಗ್ಗಿದಾಗ, "ಏಳಮ್ಮ, ಹುಡುಗ ನನ್ನ ಕ್ಲಾಸಿನವನು" ಅಂದರು. ಅಷ್ಟೇ. ಮೇಷ್ಟ್ರೇ, ನಿಮಗೆ ಮೊದಲ ನಮಸ್ಕಾರ. ಆಮೇಲೆ ಸನ್ನಡತೆಯ ಮುಚ್ಚಳಿಕೆಗೂ ಸಹಿ ಹಾಕಿದವರು ನೀವೇ.

ಎರಡನೆಯದು ಉಚಿತ ಕಾನೂನು ನೆರವಿನಿಂದ ಸಿಕ್ಕ ವಕೀಲರಿಗೆ. 2022ರಲ್ಲಿ ತಪ್ಪಿತಸ್ಥ ಎಂದು ತೀರ್ಪಾದ ದಿನ ನಾನು ಬಟ್ಟೆ ಚೀಲ ಸಮೇತ ಹೋಗಿದ್ದೆ. ಅವರು ಎದ್ದು ನಿಂತು 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯ 4ನೇ ಕಲಂ ಅಡಿ ಅರ್ಜಿ ಕೊಟ್ಟರು. ಮರಣದಂಡನೆ ಅಥವಾ ಜೀವಾವಧಿ ಇಲ್ಲದ ಅಪರಾಧಗಳಲ್ಲಿ ಜೈಲಿಗೆ ಕಳಿಸುವ ಬದಲು ಮೂರು ವರ್ಷದವರೆಗಿನ ಮುಚ್ಚಳಿಕೆಯ ಮೇಲೆ ಬಿಡಲು ಅದರಲ್ಲಿ ದಾರಿಯಿದೆ. ಕೊಡಬಹುದಾದ ಕಡೆ ಕೊಡದಿದ್ದರೆ ಕಾರಣವನ್ನು ತೀರ್ಪಿನಲ್ಲಿ ಬರೆಯಬೇಕು ಅನ್ನುವುದೂ ಕಾನೂನಿನಲ್ಲಿದೆ. ಅರವತ್ತು ವರ್ಷ ದಾಟಿದ ಕಾಯ್ದೆ. ನನ್ನ ಜೊತೆ ಒಳಗಿದ್ದವರಲ್ಲಿ ಒಬ್ಬನೂ ಅದರ ಹೆಸರು ಕೇಳಿರಲಿಲ್ಲ. ಇದನ್ನು ಓದುತ್ತಿರುವ ಯುವ ವಕೀಲರಿದ್ದರೆ ಕೈಮುಗಿದು ಕೇಳುತ್ತೇನೆ, ಆ ಒಂದು ಪುಟದ ಅರ್ಜಿ ಹಾಕುವುದನ್ನು ಮರೆಯಬೇಡಿ.

ಅರ್ಜಿ ಓದಿ, ಕೂಡಲೇ ಶಿಕ್ಷೆ ಹೇಳದೆ, ನನ್ನ ಬಗ್ಗೆ ಪರಿವೀಕ್ಷಣಾಧಿಕಾರಿಯ ವರದಿ ತರಿಸಿಕೊಂಡ ಮ್ಯಾಜಿಸ್ಟ್ರೇಟರಿಗೆ ಮೂರನೆಯದು.

ಇನ್ನು ಮೇಡಂ. ಇವರ ಬಗ್ಗೆ ಎಷ್ಟು ಬರೆದರೂ ಸಾಲದು.

ವರದಿಗಾಗಿ ಅವರು ಮನೆಗೆ ಬಂದರು, ಗ್ಯಾರೇಜಿಗೆ ಹೋದರು, ನಾನು ಹೊಡೆದ ಅಣ್ಣನ ಮನೆಗೂ ಹೋಗಿ ಒಂದೂವರೆ ಗಂಟೆ ಕೂತರು. ಅಮ್ಮನನ್ನು ಕೇಳಿದ ಮೊದಲ ಪ್ರಶ್ನೆ "ಇವನು ಸಿಟ್ಟು ಬಂದಾಗ ಮನೆಯಲ್ಲಿ ಏನು ಮಾಡ್ತಾನೆ?" ಅಂತ. ಅಮ್ಮ ನನ್ನ ಮುಖ ನೋಡಿದಳು, ಆಮೇಲೆ ಬಾಗಿಲ ಮೇಲಿದ್ದ ಗುದ್ದಿನ ಗುರುತು ತೋರಿಸಿದಳು. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಮೂರು ವರ್ಷದ ಕೆಲಸ ಆ ಬಾಗಿಲಿನಿಂದಲೇ ಶುರುವಾಯಿತು.

ಆದೇಶವಾದ ಮೇಲೆ ಮೊದಲ ಭೇಟಿಯಲ್ಲಿ ಅವರು ಜಾನ್ ಆಗಸ್ಟಸ್ ಅನ್ನುವವರ ವಿಷಯ ಹೇಳಿದರು. ಅಮೆರಿಕದ ಬೋಸ್ಟನ್ನಿನಲ್ಲಿ ಬೂಟು ಹೊಲಿಯುತ್ತಿದ್ದ ಮನುಷ್ಯ. 1841ರಲ್ಲಿ ಕೋರ್ಟಿನಲ್ಲಿ ಒಬ್ಬ ಕುಡುಕನನ್ನು ನೋಡಿ, ಜೈಲಿಗೆ ಕಳಿಸಬೇಡಿ, ನಾನು ಇವನಿಗೆ ಜಾಮೀನು ಅಂದರಂತೆ. ಮೂರು ವಾರ ಬಿಟ್ಟು ಕರೆತಂದಾಗ ಆ ಮನುಷ್ಯನ ಗುರುತೇ ಸಿಗಲಿಲ್ಲವಂತೆ. ಮುಂದಿನ ಹದಿನೇಳು ವರ್ಷದಲ್ಲಿ ಸುಮಾರು 1900 ಜನರಿಗೆ ಅವರು ಹೀಗೆ ನಿಂತರು. ಇಂಥ ಕೆಲಸಕ್ಕೆ ಸಂಬಳದ ಅಧಿಕಾರಿಯನ್ನು ನೇಮಿಸುವ ಕಾನೂನು 1878ರಲ್ಲಿ ಅದೇ ರಾಜ್ಯದಲ್ಲಿ ಬಂತು. "ನನ್ನ ಕುರ್ಚಿ ಶುರುವಾಗಿದ್ದು ಅಲ್ಲಿಂದ" ಅಂದರು. ನನಗೆ ಮೇಷ್ಟ್ರು ನೆನಪಾದರು.

ಮೊದಲ ಆರು ತಿಂಗಳು ವಾರಕ್ಕೊಮ್ಮೆ. ಹೋದಾಗಲೆಲ್ಲ ಬಿಳಿ ಹಾಳೆಗೆ ಗೀಟು ಎಳೆದು ನಾಲ್ಕು ಮನೆ ಮಾಡಿ ಕೊಡುತ್ತಿದ್ದರು. ಏನಾಯ್ತು, ಆಗ ತಲೆಗೆ ಏನು ಬಂತು, ಏನು ಮಾಡಿದೆ, ಇನ್ನೇನು ಮಾಡಬಹುದಿತ್ತು. ಮೊದಮೊದಲು ಎರಡನೆಯ ಮನೆ ಖಾಲಿ ಬಿಡುತ್ತಿದ್ದೆ. ಏನೂ ಬರಲ್ಲ ಮೇಡಂ, ಕೈ ಹೋಗಿಬಿಡುತ್ತೆ ಅನ್ನುತ್ತಿದ್ದೆ. "ಕೈಗಿಂತ ಮುಂಚೆ ಏನೋ ಹೋಗುತ್ತೆ, ಹುಡುಕು" ಅನ್ನುತ್ತಿದ್ದರು. ಎಷ್ಟೋ ವಾರ ಕಳೆದ ಮೇಲೆ ಸಿಕ್ಕಿತು: ಕೈ ಎತ್ತುವ ಮುಂಚೆ ನನ್ನ ಕಿವಿ ಬಿಸಿಯಾಗುತ್ತದೆ, "ಇವರೆಲ್ಲ ನನ್ನನ್ನು ನೋಡ್ತಿದಾರೆ" ಅನ್ನುವ ಮಾತು ಒಳಗೆ ಓಡುತ್ತದೆ. ಈಗ ಕಿವಿ ಬಿಸಿಯಾದರೆ ಹೊರಗೆ ಹೋಗಿ ಕೈಗೆ ನೀರು ಹಾಕಿಕೊಳ್ಳುತ್ತೇನೆ. ಗ್ಯಾರೇಜಿನವರಿಗೆಲ್ಲ ಗೊತ್ತು, ದಾರಿ ಬಿಡುತ್ತಾರೆ. ಮರಳಿ ಕೆಲಸ ಕೊಟ್ಟ ಯಜಮಾನರಿಗೂ, ದಾರಿ ಬಿಡುವ ಹುಡುಗರಿಗೂ ಧನ್ಯವಾದ.

ಎಲ್ಲ ನೆಟ್ಟಗೆ ನಡೆಯಲಿಲ್ಲ. ಐದನೆಯ ತಿಂಗಳು ಕುಡಿತಕ್ಕೆ ಬಿದ್ದು ಎರಡು ಭೇಟಿ ತಪ್ಪಿಸಿದೆ. ಷರತ್ತು ಮೀರಿದರೆ ಕೋರ್ಟು ವಾರಂಟು ಹೊರಡಿಸಬಹುದು, ಮೂಲ ಅಪರಾಧಕ್ಕೇ ಶಿಕ್ಷೆ ಕೊಡಬಹುದು. ಮೇಡಂ ಮನೆಗೇ ಬಂದರು. ಬೈಯಲಿಲ್ಲ, ಬಿಡಲೂ ಇಲ್ಲ. ತಪ್ಪಿಸಿದ್ದನ್ನು ಕಡತದಲ್ಲಿ ಬರೆದರು, ವಾರಕ್ಕೆ ಎರಡು ಸಲ ಬಾ ಅಂದರು, ಮದ್ಯವ್ಯಸನದ ವೈದ್ಯರ ಹತ್ತಿರ ತಾವೇ ಕರೆದುಕೊಂಡು ಹೋದರು. ಆ ದಿನ ವಾರಂಟು ಬಂದಿದ್ದರೆ, ಬಾಯಿಪಾಠವಾಗಿದ್ದ ಆ ನಂಬರಿಗೆ ನಾನು ಫೋನು ಮಾಡುತ್ತಿದ್ದೆ. ಇದರಲ್ಲಿ ನನಗೆ ಅನುಮಾನವೇ ಇಲ್ಲ.

ಎರಡನೆಯ ವರ್ಷ ಭೇಟಿ ತಿಂಗಳಿಗೊಂದಾಯಿತು. ನನ್ನ ಮೇಲೆ ನಂಬಿಕೆ ಬಂತಾ ಮೇಡಂ ಅಂತ ಕೇಳಿದೆ. ನಂಬಿಕೆಯೂ ಹೌದು, ಲೆಕ್ಕವೂ ಹೌದು ಅಂದರು. ಕೆನಡಾದ ಆಂಡ್ರ್ಯೂಸ್, ಬೊಂಟಾ ಅನ್ನುವ ಮನಶ್ಶಾಸ್ತ್ರಜ್ಞರು ತಮ್ಮ ಜೊತೆಗಾರರೊಂದಿಗೆ 1990ರಲ್ಲಿ ಬರೆದದ್ದನ್ನು ವಿವರಿಸಿದರು: ಮತ್ತೆ ತಪ್ಪು ಮಾಡುವ ಅಪಾಯ ಯಾರಲ್ಲಿ ಹೆಚ್ಚೋ ಅವರಿಗೆ ಹೆಚ್ಚು ಸಮಯ ಕೊಡಬೇಕು, ತಪ್ಪಿಗೆ ತಳ್ಳುವ ಕಾರಣಗಳ ಮೇಲೇ ಕೆಲಸ ಮಾಡಬೇಕು, ಅದೂ ಆ ಮನುಷ್ಯನಿಗೆ ನಾಟುವ ರೀತಿಯಲ್ಲಿ. ಅಪಾಯ ಕಡಿಮೆಯಿರುವವನ ಬೆನ್ನು ಹತ್ತಿದರೆ ಕೆಲಸ, ಮನೆ ಎಲ್ಲ ಕದಡಿ ಅವನು ಕೆಡುವುದೇ ಹೆಚ್ಚು. ನನ್ನಂಥವರು ಬದಲಾಗುತ್ತಾರಾ ಅಂತ ಒಮ್ಮೆ ಕೇಳಿದ್ದಕ್ಕೆ ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಮಾರ್ಟಿನ್ಸನ್ ಅವರ ಕಥೆ ಹೇಳಿದ್ದರು. ಅಪರಾಧಿಗಳನ್ನು ತಿದ್ದುವ ಪ್ರಯತ್ನಗಳ ಬಗ್ಗೆ ಅವರು 1974ರಲ್ಲಿ ಬರೆದ ಲೇಖನವನ್ನು ಜನ "ಯಾವುದೂ ಫಲ ಕೊಡಲ್ಲ" ಅಂತ ಓದಿಕೊಂಡರು. 1979ರಲ್ಲಿ ಅವರೇ ತಮ್ಮ ಮಾತು ತಿದ್ದಿಕೊಂಡರು, ಆದರೆ ಆ ತಿದ್ದುಪಡಿಯನ್ನು ಕೇಳಿಸಿಕೊಂಡವರು ಕಡಿಮೆ. ಜೈಲಿಗೆ ಹೋದವರು ಹೊರಗೆ ನಿಗಾದಲ್ಲಿದ್ದ ತಮ್ಮಂಥವರಿಗಿಂತ ಮುಂದೆ ಕಡಿಮೆ ತಪ್ಪು ಮಾಡುವುದಿಲ್ಲ ಅಂತ ಆಮೇಲಿನ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆಯಂತೆ. ಜನ ಕೇಳದಿದ್ದರೂ ವರ್ಷಗಟ್ಟಲೆ ಎಣಿಸಿ, ಹೋಲಿಸಿ, ಬರೆದಿಟ್ಟ ಆ ಸಂಶೋಧಕರಿಗೆಲ್ಲ ಇಲ್ಲಿಂದಲೇ ನಮಸ್ಕಾರ.

ಐಪಿಸಿ ಬದಲಿಗೆ 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆ ಕೆಲವು ಸಣ್ಣ ಅಪರಾಧಗಳಿಗೆ ಸಮುದಾಯ ಸೇವೆಯನ್ನೂ ಶಿಕ್ಷೆಯಾಗಿ ಸೇರಿಸಿದೆ. ತುಂಬಾ ಸಂತೋಷ. ಆದರೆ ಮೇಡಂ ಮೇಜಿನ ಮೇಲಿನ ಕಡತಗಳ ರಾಶಿ ನೋಡಿದವನು ನಾನು, ಅದರಲ್ಲಿ ಮಕ್ಕಳ ಪ್ರಕರಣಗಳೂ ಇರುತ್ತಿದ್ದವು. ಅವರಂಥವರು ಇನ್ನೂ ಬಹಳ ಜನ ಬೇಕು. ನನಗೆ ಸಿಕ್ಕ ಸಮಯ ಎಲ್ಲರಿಗೂ ಸಿಗಬೇಕು.

ಕೊನೆಯದಾಗಿ ವೆಲ್ಡರ್ ಅಣ್ಣನಿಗೆ. ಕೋರ್ಟು ಹೇಳಿದ ಪರಿಹಾರವನ್ನು ಕಂತಿನಲ್ಲಿ ಕಟ್ಟಿದೆ. ಕೊನೆಯ ಕಂತು ಕಟ್ಟಿದ ದಿನ ಮೇಡಂ ಅನುಮತಿ ಕೇಳಿ, ಅವರು ಒಪ್ಪಿದ ಮೇಲೆ ಅಣ್ಣನ ಮನೆಗೆ ಹೋದೆ. ಕ್ಷಮಿಸಿದೆ ಅಂತ ಅವರು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಕೈ ಹೇಗಿದೆ ಅಣ್ಣ ಅಂದೆ. "ಚಳಿಗೆ ನೋಯುತ್ತೆ" ಅಂದರು. ಕೂರು ಅಂದರು. ಕೂತೆ. ನನ್ನನ್ನು ಒಳಗೆ ಹಾಕಿಸಲೇಬೇಕು ಅಂತ ಅವರು ಹಟ ಹಿಡಿಯಬಹುದಿತ್ತು. ವರದಿಗೆ ಬಂದ ಮೇಡಂ ಹತ್ತಿರ "ಅವನು ಜೈಲಿಗೆ ಹೋದರೆ ನನ್ನ ಕೈ ಸರಿಹೋಗಲ್ಲ, ದುಡಿದು ಕಟ್ಟಲಿ" ಅಂದಿದ್ದರಂತೆ.

ಈ ಬರಹ ಹಾಕುವ ಮುಂಚೆ ಅವರಿಗೆ ಫೋನಿನಲ್ಲಿ ಓದಿ ಹೇಳಿದೆ. ಮೊದಲು ಬರೆದಾಗ "ಕೈ ಮೂಳೆ ಮುರಿಯಿತು" ಅಂತಷ್ಟೇ ಇತ್ತು. ಅವರು ಅಲ್ಲಿ ತಡೆದರು. "ಬಲಗೈ ಅಂತ ಬರಿ" ಅಂದರು. ಬರೆದಿದ್ದೇನೆ ಅಣ್ಣ.