ಅಕ್ಕನ ವರ್ಷಾಂತಿಕಕ್ಕೆ ಮುಂಚೆ ಮೊಮ್ಮಗಳಿಗೆ ಬರೆದ ಪತ್ರ

ಸಾಗರ
20 ಜುಲೈ 2025

ಚಿ. ಸೌ. ಮೊಮ್ಮಗಳಿಗೆ ನಿನ್ನ ಚಿಕ್ಕಜ್ಜನು ಮಾಡುವ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ. ಮಳೆ ಮಾತ್ರ ಹಿಡಿದ ಪಟ್ಟು ಬಿಟ್ಟಿಲ್ಲ.

ನಿನ್ನ ಅಜ್ಜಿಯ ವರ್ಷಾಂತಿಕದಂದು ನೆಂಟರಿಷ್ಟರಿಗೆ ಹಂಚಲು ನೀನು ಬರೆದಿರುವ ಸ್ಮರಣೆಯ ಪುಸ್ತಿಕೆಯನ್ನು ನಿನ್ನ ತಂದೆ ನನಗೆ ತೋರಿಸಿದ. ಎರಡು ಸಲ ಓದಿದೆ. ಭಾಷೆ ಚೆನ್ನಾಗಿದೆ, ಅಕ್ಷರದೋಷವಿಲ್ಲ. ಆದರೆ 'ಪತಿಪರಾಯಣೆ, ವಾತ್ಸಲ್ಯಮಯಿ ತಾಯಿ, ಅಕ್ಕರೆಯ ಅಜ್ಜಿ' ಎಂದು ಆರಂಭಿಸಿ ಅದೇ ಧಾಟಿಯಲ್ಲಿ ನಾಲ್ಕು ಪುಟ ತುಂಬಿಸಿದ್ದೀಯೆ. ಹೆಸರನ್ನೂ ಭಾವಚಿತ್ರವನ್ನೂ ಬದಲಿಸಿದರೆ ಈ ಪುಸ್ತಿಕೆ ನಮ್ಮ ಸೀಮೆಯ ಯಾವ ಮನೆಯ ವರ್ಷಾಂತಿಕಕ್ಕೂ ಒದಗುತ್ತದೆ. ಆ ಮಾತುಗಳು ಸುಳ್ಳೆಂದು ನಾನು ಹೇಳುತ್ತಿಲ್ಲ. ಅವುಗಳಲ್ಲಿ ನನ್ನ ಅಕ್ಕ ಕಾಣಿಸುವುದಿಲ್ಲ ಎಂಬುದಷ್ಟೇ ನನ್ನ ತಕರಾರು.

ಅವಳು ಮದುವೆಯಾಗಿ ಶರಾವತಿಯ ಆಚೆ ದಡದ ಮನೆಗೆ ಹೋದದ್ದು 1956ರಲ್ಲಿ, ಹದಿನಾರನೆಯ ವಯಸ್ಸಿನಲ್ಲಿ. ಎಂಟು ವರ್ಷ ಕಳೆಯುವುದರೊಳಗೆ ಲಿಂಗನಮಕ್ಕಿ ಅಣೆಕಟ್ಟು ಮುಗಿದು, 1964ರ ಮಳೆಗಾಲದಲ್ಲಿ ನೀರು ಏರಿ ಆ ಊರು ಮುಳುಗಿತು. ಮನೆ ಬಿಚ್ಚಲು ಸಹಾಯಕ್ಕೆಂದು ಹೋದವರಲ್ಲಿ ಇಪ್ಪತ್ತರ ಹುಡುಗನಾಗಿದ್ದ ನಾನೂ ಒಬ್ಬ. ಗಂಡಸರೆಲ್ಲ ಹೆಂಚು ಇಳಿಸುವುದು, ಬಾಗಿಲ ದಾರಂದ ಕೀಳುವುದು, ಗಾಡಿಗೆ ಹೇರುವುದು ಎಂದು ಕೂಗಾಡುತ್ತಿದ್ದರೆ, ಅಕ್ಕ ಮೂರು ವರ್ಷದ ನಿನ್ನ ದೊಡ್ಡತ್ತೆಯನ್ನು ಕಂಕುಳಲ್ಲಿಟ್ಟುಕೊಂಡು, ಅಡುಗೆಮನೆಯ ಗೋಡೆಗೆ ಸಗಣಿಯಲ್ಲಿ ತಟ್ಟಿಟ್ಟಿದ್ದ ಮೊಗೆಕಾಯಿ, ಹೀರೆ, ಬೆಂಡೆಯ ಬೀಜಗಳನ್ನು ಒಂದೊಂದಾಗಿ ಎಬ್ಬಿಸಿ ಬಟ್ಟೆಯ ಗಂಟು ಕಟ್ಟುತ್ತಿದ್ದಳು. ಇಂಥ ಹೊತ್ತಿನಲ್ಲಿ ಇದೇನು ಎಂದು ಭಾವ ರೇಗಿದರು. ಹೊಸ ಜಾಗದಲ್ಲಿ ಮೊದಲ ವರ್ಷ ಆ ಮನೆಯವರು ಉಂಡದ್ದು ಹೆಚ್ಚಾಗಿ ಆ ಗಂಟಿನಿಂದ ಬೆಳೆದದ್ದನ್ನೇ.

ಹೊಸ ಜಾಗವೆಂದರೆ ಕಾಡು. ಅಡಿಕೆ ಸಸಿ ನೆಟ್ಟರೆ ಗೊನೆ ಬಿಡಲು ಆರೇಳು ವರ್ಷವಾದರೂ ಬೇಕು. ಅಷ್ಟು ಕಾಲ ಮನೆ ನಡೆಯಬೇಕಲ್ಲ. ಭಾವ ಮುಳುಗಡೆಯ ಪೆಟ್ಟಿನಿಂದ ಬಹಳ ದಿನ ಚೇತರಿಸಿಕೊಳ್ಳಲಿಲ್ಲ. ಜಗುಲಿಯ ಮೇಲೆ ಕುಳಿತರೆ ಸಂಜೆಯಾದರೂ ಏಳುತ್ತಿರಲಿಲ್ಲ. ಇದನ್ನು ನಿಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅದು ಅವರ ತಪ್ಪೂ ಅಲ್ಲ, ಮುಚ್ಚಿಡುವ ಸಂಗತಿಯೂ ಅಲ್ಲ. ಎರಡು ಎಮ್ಮೆ ಕಟ್ಟಿ ಹಾಲು ಮಾರಿದವಳು, ಲೆಕ್ಕ ಬರೆದವಳು, ಗುಂಡಿ ತೋಡುವ ಆಳುಗಳೊಡನೆ ಕೂಲಿಯ ಮಾತಾಡಿದವಳು ಅಕ್ಕ. ಅದರ ನಡುವೆ ನಿನ್ನ ತಂದೆ ಹುಟ್ಟಿದ.

ತೋಟ ಎದ್ದ ಮೇಲೆ ಅವಳು, ಕೊಳೆರೋಗ ತಡೆಯಲು ಅಡಿಕೆಗೊನೆಗೆ ಹೊಡೆಯುವ ಬೋರ್ಡೋ ದ್ರಾವಣ ಕೂಡಿಸುತ್ತಿದ್ದ ರೀತಿಯನ್ನು ನೀನು ಬರೆಯಲೇಬೇಕು. ಕೊಳೆರೋಗಕ್ಕೆ ಹೆದರದ ಅಡಿಕೆ ಬೆಳೆಗಾರ ಮಲೆನಾಡಿನಲ್ಲಿಲ್ಲ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬುದು ಎಲ್ಲರಿಗೂ ಗೊತ್ತು. ಆದರೆ ಸುಣ್ಣ ಹಳತಾಗಿದ್ದರೆ ಆ ಲೆಕ್ಕ ಕೆಟ್ಟು, ಔಷಧಿಯೇ ಕಾಯಿಯನ್ನು ಸುಡುತ್ತದೆ. ಅಕ್ಕ ಪ್ರತಿ ಸಲವೂ ಉಜ್ಜಿ ಹೊಳಪಿಸಿದ ಕತ್ತಿಯ ಅಲಗನ್ನು ದ್ರಾವಣದಲ್ಲಿ ಅದ್ದಿ, ಅದರ ಮೇಲೆ ತಾಮ್ರದ ಕೆಂಪು ಕಟ್ಟಿತೋ ಇಲ್ಲವೋ ಎಂದು ಬೆಳಕಿಗೆ ಹಿಡಿದು ನೋಡಿ, ಕಟ್ಟಿದ್ದರೆ ಇನ್ನಷ್ಟು ಸುಣ್ಣದ ನೀರು ಬೆರೆಸಿಸಿ, ಆಮೇಲೆಯೇ ಮರ ಹತ್ತಿ ಔಷಧಿ ಹೊಡೆಯುವ ಆಳು ಕೊನೆಗೌಡನಿಗೆ ಹತ್ತಲು ಹೇಳುತ್ತಿದ್ದಳು. ಏಳನೆಯ ತರಗತಿಯವರೆಗೆ ಓದಿದ್ದ ಅವಳು ಇದನ್ನು ಯಾರಿಂದ ಕಲಿತಳೋ, ಕೇಳುವ ಬುದ್ಧಿ ನಮಗೆ ಬರಲಿಲ್ಲ.

ಭಾವ ಪ್ರತಿ ಬೇಸಿಗೆಯಲ್ಲೂ ನೀರು ಇಳಿದಾಗ ಹಳೆಯ ಮನೆಯ ಅಡಿಪಾಯ ನೋಡಲು ಹೋಗುತ್ತಿದ್ದರು. ಅವಳು ಹೋದದ್ದು ಒಂದೇ ಸಲ. ಜೊತೆಗೆ ನಾನೂ ಇದ್ದೆ. ಒಣಗಿ ಬಿರಿದ ಕೆಸರಿನಲ್ಲಿ ನಿಂತು, ಹೂತುಹೋದ ಬಾವಿಯ ಕಡೆ ನೋಡಿ, "ಇದಕ್ಕೊಂದು ಕಟ್ಟೆ ಕಟ್ಟಿಸಿ ಎಂದು ಎಂಟು ವರ್ಷ ಹೇಳಿದ್ದೆ" ಎಂದಳು. ಭಾವ ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ಬಹಳ ವರ್ಷಗಳ ಮೇಲೆ ಕಂಡೆ. ಅವರಿಬ್ಬರ ದಾಂಪತ್ಯದ ಬಗ್ಗೆ ಬರೆಯುವುದಾದರೆ ಇದನ್ನು ಬರೆ. ಪತಿಪರಾಯಣೆ ಎಂಬ ಪದವನ್ನು ಆಮೇಲೆ ಇಟ್ಟುಕೊಳ್ಳಬೇಕೋ ಬೇಡವೋ ನೀನೇ ತೀರ್ಮಾನಿಸು.

ಅಜ್ಜಿಯಾಗಿ ಅವಳು ಹೇಗಿದ್ದಳೆಂದು ನನಗಿಂತ ನಿನಗೇ ಹೆಚ್ಚು ಗೊತ್ತು. ಒಂದೆಲಗದ ತಂಬುಳಿ, ಅಪ್ಪೆಮಿಡಿಯ ಭರಣಿ ಎಲ್ಲವನ್ನೂ ನೀನು ಬರೆದಿದ್ದೀಯೆ, ಇರಲಿ. ಆದರೆ ನಿನ್ನ ಮೊದಲ ಸಂಬಳದ ದಿನ ಅವಳು ಕೇಳಿದ್ದನ್ನು ಏಕೆ ಬಿಟ್ಟೆ? ಎಲ್ಲರೂ ಎಷ್ಟು ಬಂತೆಂದು ಕೇಳುತ್ತಿದ್ದಾಗ ಅವಳು, "ಪಾಸ್‌ಪುಸ್ತಕ ನಿನ್ನ ಹೆಸರಿನಲ್ಲೇ ಇದೆಯಲ್ಲ?" ಎಂದಳು. ಆ ಪ್ರಶ್ನೆಯ ಹಿಂದೆ ಒಂದು ಟ್ರಂಕು ಕಾಗದವಿತ್ತು. ಮುಳುಗಡೆ ಸಂತ್ರಸ್ತರಲ್ಲಿ ಎಷ್ಟೋ ಮಂದಿಗೆ ತಾವು ಉಳುವ ನೆಲದ ಹಕ್ಕುಪತ್ರದ ಗೋಳು ಇಂದಿಗೂ ಮುಗಿದಿಲ್ಲ. ನಿಮ್ಮ ಮನೆಯ ಅರ್ಜಿ, ರಸೀದಿ, ಹಿಂಬರಹಗಳನ್ನೆಲ್ಲ ಇಸವಿಯ ಪ್ರಕಾರ ಜೋಡಿಸಿ, ಗೆದ್ದಲು ಹತ್ತದಂತೆ ಕಾದವಳು ಅವಳು. ಆ ಕಾಗದಗಳಲ್ಲಿ ಒಂದರಲ್ಲಿಯೂ ಅವಳ ಹೆಸರಿಲ್ಲ.

ಇನ್ನು, ಈ ಪತ್ರ ಬರೆಯಲು ಕುಳಿತದ್ದೇ ಯಾವ ಕಾರಣಕ್ಕೋ ಅದನ್ನು ಹೇಳುತ್ತೇನೆ. ತವರಿನ ಆಸ್ತಿಯಲ್ಲಿ ಪಾಲು ಬಿಟ್ಟುಕೊಟ್ಟ ತ್ಯಾಗಮಯಿ ಎಂದು ನೀನು ಎರಡನೆಯ ಪುಟದಲ್ಲಿ ಬರೆದಿದ್ದೀಯೆ. 2005ರ ಕಾನೂನು ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಾನ ಹಕ್ಕು ಬಂದಾಗ, ನಾವು ಅಣ್ಣತಮ್ಮಂದಿರು ಮೂವರೂ ಗಾಬರಿಬಿದ್ದು, ಮರುವರ್ಷವೇ ಹಕ್ಕು ಬಿಡುಗಡೆ ಪತ್ರ ಬರೆಸಿ, ಅವಳನ್ನು ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದೊಯ್ದೆವು. ಸಹಿ ಎಲ್ಲಿ ಎಂದು ನಾನು ಬೆರಳಿಟ್ಟು ತೋರಿಸಿದೆ. ಅವಳು ಕನ್ನಡಕ ಹಾಕಿಕೊಂಡು, ನಮ್ಮನ್ನು ಬೆಂಚಿನ ಮೇಲೆ ಕಾಯಿಸಿ, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿದಳು. ಓದಿ ಸಹಿ ಹಾಕಿ, "ಅಪ್ಪಯ್ಯನ ತೋಟಕ್ಕೆ ಕೊಳೆ ಬಾರದಂತೆ ನೋಡಿಕೊಳ್ಳಿ" ಎಂದಳು. ನಾವು ಅರಿಶಿನ ಕುಂಕುಮದೊಡನೆ ಒಂದು ಸೀರೆ ಕೊಟ್ಟೆವು. ಅವಳು ತಾನಾಗಿ ಬಿಟ್ಟುಕೊಡಲಿಲ್ಲ ಮಗಳೇ, ನಾವು ಕೇಳಿ ಪಡೆದೆವು. ಬೇಡವೆನ್ನಲು ಅವಳಿಗೆ ದಾರಿಯಿಲ್ಲದಂತೆ ನೆಂಟಸ್ತಿಕೆಯ ಹೆಸರಿನಲ್ಲಿ ಕೇಳಿದೆವು. ಅದನ್ನು ತ್ಯಾಗವೆಂದು ಅಚ್ಚು ಹಾಕಿಸಿದರೆ ಹಗುರಾಗುವುದು ನಮ್ಮ ಭಾರ. ಅವಳಿಗೆ ಅದರಿಂದ ಏನೂ ಸಲ್ಲುವುದಿಲ್ಲ. ನನ್ನ ಅಣ್ಣಂದಿರಿಬ್ಬರೂ ಈಗಿಲ್ಲವಾದ್ದರಿಂದ ಅವರ ಪರವಾಗಿ ನಾನು ಏನೂ ಹೇಳಲಾರೆ, ಆದರೆ ನನ್ನ ಪಾಲಿನದನ್ನು ಹಾಗೆಯೇ ಬರೆಯಲು ನನ್ನ ಒಪ್ಪಿಗೆಯಿದೆ. ನಿನ್ನ ತಂದೆ ಬೇಡವೆಂದಾನು. ಈ ಪತ್ರವನ್ನೇ ಅವನಿಗೆ ತೋರಿಸು.

ಅವಳ ಹೆಸರನ್ನು ಪುಸ್ತಿಕೆಯ ಮೊದಲ ಪುಟದಲ್ಲಿ, ಗಂಡನ ಹೆಸರಿನ ಆಸರೆಯಿಲ್ಲದೆ, ತವರಿನ ಊರಿನೊಡನೆ ಅಚ್ಚು ಹಾಕಿಸು. ಭಾವಚಿತ್ರಕ್ಕೆ ಸ್ಟುಡಿಯೋದಲ್ಲಿ ರೇಷ್ಮೆ ಉಡಿಸಿ ತೆಗೆಸಿದ್ದು ಬೇಡ. ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುತ್ತಾ, ಫೋಟೋ ತೆಗೆಯುವವನನ್ನು ಗದರುತ್ತಿರುವ ಚಿತ್ರ ನಿನ್ನ ದೊಡ್ಡತ್ತೆಯ ಹತ್ತಿರ ಇದೆ.

ಹೋದ ಸೋಮವಾರ, 14ನೆಯ ತಾರೀಖು, ಶರಾವತಿ ಹಿನ್ನೀರಿನ ಮೇಲಿನ ಅಂಬಾರಗೋಡ್ಲು ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಲಾಂಚಿಗಾಗಿ ದಡದಲ್ಲಿ ಕಾಯುತ್ತಾ ಅವಳು ಕಳೆದ ಗಂಟೆಗಳನ್ನು ನೆನೆದು, ಇನ್ನೊಂದು ವರ್ಷ ಇದ್ದಿದ್ದರೆ ಎನಿಸಿತು. ವರ್ಷಾಂತಿಕಕ್ಕೆ ಎರಡು ದಿನ ಮುಂಚಿತವಾಗಿಯೇ ಬರುತ್ತೇನೆ. ಆ ಬಿಡುಗಡೆ ಪತ್ರದ ನಕಲು ನನ್ನ ಬೀರುವಿನಲ್ಲಿದೆ, ತರುತ್ತೇನೆ. ಕೊನೆಯ ಪುಟದಲ್ಲಿ ಅವಳ ಸಹಿಯಿದೆ. ಅಕ್ಷರ ಎಷ್ಟು ದುಂಡಗಿತ್ತೆಂದು ನೀನು ನೋಡಿಲ್ಲ.

ಇಂತು ಆಶೀರ್ವಾದಗಳೊಂದಿಗೆ,
ನಿನ್ನ ಚಿಕ್ಕಜ್ಜ